ಇಂಗಾಲದ ಎಳೆಗೆ ಸುರುಳಿ ಬಿದ್ದದ್ದು ಹೇಗೆ?

ರಬಕವಿ–ಬನಹಟ್ಟಿಯ ಓಣಿಗಳಲ್ಲಿ ಅಡ್ಡಾಡಿದವರಿಗೆ ಮಗ್ಗದ ಸಪ್ಪಳ ಹೊಸದಲ್ಲ. ಹಾಸಿನ ಎಳೆಗಳ ನಡುವೆ ಲಾಳಿ ಓಡುತ್ತದೆ, ಹೊಕ್ಕಿನ ಎಳೆ ಸೇರುತ್ತದೆ, ಸೀರೆ ಬೆರಳಿನಷ್ಟು ಬೆಳೆಯುತ್ತದೆ. ಇಲ್ಲಿಯ ನೇಕಾರರಿಗೆ ನೂಲಿನ ಸ್ವಭಾವವನ್ನು ಯಾರೂ ಕಲಿಸಬೇಕಾಗಿಲ್ಲ. ಹುರಿ ಹೆಚ್ಚಾದ ನೂಲನ್ನು ಸಡಿಲ ಬಿಟ್ಟರೆ ಅದು ತನ್ನ ಮೇಲೆ ತಾನೇ ಸುತ್ತಿಕೊಂಡು ಸಿಕ್ಕಾಗುತ್ತದೆ ಎಂಬುದು ಮನೆಯ ಹುಡುಗರಿಗೂ ಗೊತ್ತು. ಮಗ್ಗದ ಮುಂದೆ ಕುಳಿತವನಿಗೆ ಇಂಥ ಸುರುಳಿ ಒಂದು ದೋಷ. ಅದನ್ನು ಬಿಡಿಸಬೇಕು, ಇಲ್ಲವೇ ಕಿತ್ತು ಎಸೆಯಬೇಕು.

ಆದರೆ ಹುಟ್ಟುವಾಗಲೇ ಸುರುಳಿಯಾಗಿ ಹುಟ್ಟುವ ಎಳೆಯೊಂದಿದೆ. ಅದನ್ನು ಯಾರೂ ಹಿಂಜುವುದಿಲ್ಲ, ಯಾರೂ ನೂಲುವುದಿಲ್ಲ, ಯಾರೂ ಹುರಿ ಹಾಕುವುದಿಲ್ಲ. ಕಾದ ಕುಲುಮೆಯೊಳಗೆ, ಲೋಹದ ಒಂದು ಕಣದ ಮೈಯಿಂದ ಅದು ತಾನಾಗಿ ಹೊರಡುತ್ತದೆ, ಹೊರಡುತ್ತಲೇ ಸುತ್ತಿಕೊಳ್ಳುತ್ತದೆ. ಅದು ಇಂಗಾಲದ ಎಳೆ. ದೀಪದ ಕಾಡಿಗೆಯಲ್ಲಿ, ಒಲೆಯ ಮಸಿಯಲ್ಲಿ, ಪೆನ್ಸಿಲಿನ ಕಡ್ಡಿಯಲ್ಲಿ ಇರುವ ಅದೇ ಇಂಗಾಲ. ಅದರ ದಪ್ಪವನ್ನು ಅಳೆಯಲು ನ್ಯಾನೊಮೀಟರ್ ಎಂಬ ಅಳತೆ ಬೇಕು. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80 ಸಾವಿರ ನ್ಯಾನೊಮೀಟರ್ ಎಂದಿಟ್ಟುಕೊಂಡರೆ, ಈ ಎಳೆಗಳ ದಪ್ಪ ಹತ್ತಾರು ಅಥವಾ ಕೆಲವು ನೂರು ನ್ಯಾನೊಮೀಟರ್ ಮಾತ್ರ.

ಈ ಎಳೆಯನ್ನು ನೂಲುವವರು ಯಾರು? ಅದಕ್ಕೆ ಸುರುಳಿ ಬೀಳುವುದೇಕೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಸಿಗಲು ಒಂದು ಶತಮಾನವೇ ಹಿಡಿಯಿತು. ಆ ಶತಮಾನದ ಕಥೆಯಲ್ಲಿ ಒಂದು ವಿಚಿತ್ರ ಮತ್ತೆ ಮತ್ತೆ ಎದುರಾಗುತ್ತದೆ. ಪ್ರತಿ ಸಲವೂ ಉತ್ತರ ಅಡಗಿದ್ದದ್ದು ಜನ ಕೊಳೆ ಎಂದು, ಕಲೆ ಎಂದು, ಕಲಬೆರಕೆ ಎಂದು ತೆಗೆದುಹಾಕಲು ಹೆಣಗುತ್ತಿದ್ದ ವಸ್ತುವಿನಲ್ಲಿ.

ದೀಪಕ್ಕೊಂದು ಎಳೆ ಬೇಕಿತ್ತು

ಕಥೆ ಆರಂಭವಾಗುವುದು ವಿದ್ಯುದ್ದೀಪದಿಂದ. 1879ರಲ್ಲಿ ಎಡಿಸನ್ ಉರಿಸಿ ತೋರಿಸಿದ ಬಲ್ಬಿನೊಳಗೆ ಇದ್ದದ್ದು ಇಂಗಾಲದ ಎಳೆ. ಹತ್ತಿಯ ನೂಲನ್ನೋ ಬಿದಿರಿನ ಸೀಳನ್ನೋ ಗಾಳಿಯಾಡದಂತೆ ಸುಟ್ಟು ಅದನ್ನು ಮಾಡುತ್ತಿದ್ದರು. ಆ ಎಳೆ ಬಹಳ ದಿನ ಬಾಳುತ್ತಿರಲಿಲ್ಲ. ಆದ್ದರಿಂದ ಒಳ್ಳೆಯ ಇಂಗಾಲದ ಎಳೆಗಾಗಿ ಅಮೆರಿಕ ಮತ್ತು ಯುರೋಪಿನಲ್ಲಿ ಹುಡುಕಾಟವೇ ನಡೆದಿತ್ತು.

ಅಂಥ ಹುಡುಕಾಟದಲ್ಲಿದ್ದ ಹ್ಯೂಸ್ ಮತ್ತು ಚೇಂಬರ್ಸ್ ಎಂಬಿಬ್ಬರಿಗೆ 1889ರಲ್ಲಿ ಅಮೆರಿಕದ ಒಂದು ಪೇಟೆಂಟ್ ದೊರೆಯಿತು. ಅವರ ವಿಧಾನ ಸರಳ. ಕಬ್ಬಿಣದ ಮೂಸೆಯನ್ನು ಚೆನ್ನಾಗಿ ಕಾಯಿಸಿ, ಅದರೊಳಗೆ ಜಲಜನಕ ಮತ್ತು ಮೀಥೇನ್ ಅನಿಲಗಳನ್ನು ಬಿಡುವುದು. ಮೀಥೇನ್ ಎಂದರೆ ಜೌಗು ನೆಲದಿಂದ ಏಳುವ, ಇಂದು ನಮ್ಮ ಗೋಬರ್ ಗ್ಯಾಸ್ ಒಲೆಯಲ್ಲಿ ಉರಿಯುವ ಅನಿಲ. ಕಾದ ಮೂಸೆಯೊಳಗೆ ಕೂದಲಿನಂಥ ಇಂಗಾಲದ ಎಳೆಗಳು ಬೆಳೆದವು.

ಮೂಸೆ ಕಬ್ಬಿಣದ್ದು ಎಂಬ ವಿವರ ಆ ಬರಹದಲ್ಲೇ ಇತ್ತು. ಆದರೆ ಆ ಕಬ್ಬಿಣವೇ ಎಳೆಯನ್ನು ನೂಲುತ್ತಿದೆ ಎಂದು ಕಣ್ಣಾರೆ ಕಾಣುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ಕೂದಲು ಕಾಣುತ್ತಿತ್ತು, ಅದರ ಬುಡ ಕಾಣುತ್ತಿರಲಿಲ್ಲ. ಗಾಜಿನ ಮಸೂರದ ಸೂಕ್ಷ್ಮದರ್ಶಕಕ್ಕೆ ಬೆಳಕೇ ಮಿತಿ. ಬೆಳಕಿನ ಅಲೆಯ ಉದ್ದ ಕೆಲವು ನೂರು ನ್ಯಾನೊಮೀಟರ್. ಅದಕ್ಕಿಂತ ತೀರ ಸಣ್ಣದನ್ನು ಎಷ್ಟೇ ದೊಡ್ಡದು ಮಾಡಿದರೂ ಮಸುಕು ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬಲ್ಬಿಗೆ ಟಂಗ್‌ಸ್ಟನ್ ತಂತಿ ಬಂದಿತು. ಇಂಗಾಲದ ಎಳೆಯ ಅಗತ್ಯ ಮುಗಿಯಿತು, ಅದರ ಮೇಲಿನ ಆಸಕ್ತಿಯೂ ಮುಗಿಯಿತು.

ಒಡೆದ ಇಟ್ಟಿಗೆ ಹೇಳಿದ ಸುಳಿವು

ಮುಂದಿನ ಸುಳಿವು ಸಿಕ್ಕಿದ್ದು ಕಬ್ಬಿಣದ ಕಾರ್ಖಾನೆಗಳಲ್ಲಿ. ನಮ್ಮ ರಾಜ್ಯದ ಓದುಗರಿಗೆ ಇಂಥ ಕಾರ್ಖಾನೆ ಎಂದರೆ ಮೊದಲು ನೆನಪಾಗುವುದು 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿ. ಅದಿರನ್ನು ಕರಗಿಸುವ ಊದುಕುಲುಮೆಯ ಒಳಗೋಡೆಗೆ ಬೆಂಕಿ ತಡೆಯುವ ವಿಶೇಷ ಇಟ್ಟಿಗೆ ಕಟ್ಟಿರುತ್ತಾರೆ. ಲೋಹ ಕರಗುವ ತಳಭಾಗದಲ್ಲಿ ಕಾವು ವಿಪರೀತ. ಅಲ್ಲಿ ಇಟ್ಟಿಗೆ ಸವೆದರೆ ಆಶ್ಚರ್ಯವಿಲ್ಲ. ಆದರೆ ಕಾವು ಕಡಿಮೆ ಇರುವ ಮೇಲ್ಭಾಗದಲ್ಲಿ, 400–500 ಡಿಗ್ರಿಯ ಆಸುಪಾಸಿನಲ್ಲಿ, ಗಟ್ಟಿ ಇಟ್ಟಿಗೆಗಳು ಒಳಗಿನಿಂದಲೇ ಬಿರಿದು ಪುಡಿಯಾಗುವುದುಂಟು. ಜಗತ್ತಿನ ಬೇರೆ ಬೇರೆ ಕಡೆ ಕುಲುಮೆ ಕಟ್ಟುವವರನ್ನು ಈ ಪಿಡುಗು ಕಾಡಿತ್ತು.

ಒಡೆದ ಇಟ್ಟಿಗೆಯಲ್ಲಿ ಕರಿ ಮಸಿ ಕಟ್ಟಿರುತ್ತಿತ್ತು. ಅದೂ ಎಲ್ಲೆಂದರಲ್ಲಿ ಅಲ್ಲ. ಇಟ್ಟಿಗೆಯ ಮಣ್ಣಿನಲ್ಲಿ ಸೇರಿಕೊಂಡಿದ್ದ ಕಬ್ಬಿಣದ ತುಕ್ಕಿನ ಕಲೆಗಳ ಸುತ್ತ ಮಾತ್ರ. ಕುಲುಮೆಯಿಂದ ಏಳುವ ಕಾರ್ಬನ್ ಮಾನಾಕ್ಸೈಡ್ ಅನಿಲ ಇಟ್ಟಿಗೆಯ ರಂಧ್ರಗಳಲ್ಲಿ ಇಳಿದು, ಆ ಕಲೆಗಳ ಬಳಿ ಒಡೆದು, ಇಂಗಾಲವನ್ನು ಬಿಟ್ಟುಹೋಗುತ್ತದೆ. ಇಂಗಾಲ ಗುಡ್ಡೆಯಾಗುತ್ತ ಆಗುತ್ತ ಕೊನೆಗೆ ಇಟ್ಟಿಗೆಯನ್ನೇ ಸೀಳುತ್ತದೆ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಆಲದ ಸಸಿ ಗೋಡೆಯನ್ನು ಸೀಳುವಂತೆಯೇ ಇದು. ಕುಲುಮೆಯವರ ಮಟ್ಟಿಗೆ ಪರಿಹಾರ ಸ್ಪಷ್ಟವಿತ್ತು: ಕಬ್ಬಿಣದ ಕಲೆ ಇಲ್ಲದ ಮಣ್ಣಿನಿಂದ ಇಟ್ಟಿಗೆ ಮಾಡಿ.

ಇಂಗ್ಲೆಂಡಿನ ಡೇವಿಸ್, ಸ್ಲಾಸನ್ ಮತ್ತು ರಿಗ್ಬಿ ಎಂಬ ಮೂವರು ಅಷ್ಟಕ್ಕೇ ತೃಪ್ತರಾಗಲಿಲ್ಲ. ಆ ಮಸಿಯನ್ನೇ ಎತ್ತಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಳಗಿಟ್ಟರು. ಬೆಳಕಿನ ಬದಲು ಎಲೆಕ್ಟ್ರಾನ್ ಕಿರಣದಿಂದ ನೋಡುವ ಈ ಉಪಕರಣವನ್ನು ಜರ್ಮನಿಯಲ್ಲಿ 1931ರಲ್ಲಿ ಕಂಡುಹಿಡಿಯಲಾಗಿತ್ತು. ಕಂಡದ್ದು ಪುಡಿಯಲ್ಲ, ಹುಳುಗಳಂತೆ ಹೊರಳಾಡಿದ ಎಳೆಗಳು. ಕೆಲವು ಕಡೆ ಎರಡು ಎಳೆಗಳು ಹಗ್ಗದಂತೆ ಒಂದಕ್ಕೊಂದು ಹೆಣೆದುಕೊಂಡಿದ್ದವು. 1953ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅವರು ಇದನ್ನು ಇಂಗಾಲದ ಒಂದು ಅಪರೂಪದ ರೂಪವೆಂದು ವರ್ಣಿಸಿದರು. ಕಬ್ಬಿಣ ಅಥವಾ ಕಬ್ಬಿಣ–ಇಂಗಾಲಗಳ ಸಂಯುಕ್ತದ ಕಣವು ಎಳೆಯ ಬೆಳೆಯುವ ತುದಿಯಲ್ಲಿ ಕುಳಿತಿರುತ್ತದೆ ಎಂದು ತರ್ಕಿಸಿದರು. ಸುರುಳಿಯಾಕಾರದ ಇಂಗಾಲದ ಎಳೆಯ ಕುರಿತು ಬಂದ ಮೊದಲ ವರದಿಗಳಲ್ಲಿ ಇದನ್ನು ಹೆಸರಿಸುವುದು ವಾಡಿಕೆ.

ಇದಕ್ಕೆ ಒಂದು ವರ್ಷ ಮೊದಲೇ, 1952ರಲ್ಲಿ, ಸೋವಿಯತ್ ದೇಶದ ರಾದುಷ್ಕೆವಿಚ್ ಮತ್ತು ಲುಕ್ಯಾನೊವಿಚ್ ಕಬ್ಬಿಣದ ಮೇಲೆ ಬೆಳೆದ ಇಂಗಾಲದ ಎಳೆಗಳ ಚಿತ್ರ ಪ್ರಕಟಿಸಿದ್ದರು. ಸುಮಾರು 50 ನ್ಯಾನೊಮೀಟರ್ ದಪ್ಪದ ಆ ಎಳೆಗಳು ಒಳಗೆ ಪೊಳ್ಳಾಗಿದ್ದವು, ಅಂದರೆ ಅವು ನಳಿಕೆಗಳು. ಲೇಖನ ರಷ್ಯನ್ ಭಾಷೆಯಲ್ಲಿತ್ತು. ಕಾಲ ಶೀತಲ ಸಮರದ್ದು. ಪಶ್ಚಿಮದ ವಿಜ್ಞಾನಿಗಳಲ್ಲಿ ಅದನ್ನು ಓದಿದವರು ವಿರಳ. ಇಂಗಾಲದ ನ್ಯಾನೊನಳಿಕೆಯನ್ನು ಮೊದಲು ಕಂಡವರು ಯಾರು ಎಂಬ ಚರ್ಚೆ 2006ರಲ್ಲಿ ಮತ್ತೆ ಎದ್ದಾಗ ಈ ಹಳೆಯ ಚಿತ್ರಗಳು ಬೆಳಕಿಗೆ ಬಂದವು.

ಕಣದೊಳಗಿನ ಪಯಣ

ಎಳೆಯ ತುದಿಯಲ್ಲಿ ಲೋಹದ ಕಣವಿದೆ ಎಂಬುದೇನೋ ಗೊತ್ತಾಯಿತು. ಅದು ಮಾಡುವ ಕೆಲಸವೇನು? 1972ರಲ್ಲಿ ಇಂಗ್ಲೆಂಡಿನ ಹಾರ್‌ವೆಲ್‌ನಲ್ಲಿ ಆರ್.ಟಿ.ಕೆ. ಬೇಕರ್ ಮತ್ತು ಸಂಗಡಿಗರು ಸೂಕ್ಷ್ಮದರ್ಶಕದೊಳಗೇ ಒಂದು ಪುಟ್ಟ ಕುಲುಮೆಯನ್ನು ಅಳವಡಿಸಿದರು. ನಿಕ್ಕಲ್ ಕಣಗಳ ಮೇಲೆ ಅಸಿಟಲೀನ್ ಅನಿಲ ಹಾಯಿಸಿ, ಎಳೆ ಬೆಳೆಯುವುದನ್ನು ಬೆಳೆಯುತ್ತಿರುವಾಗಲೇ ನೋಡಿ ದಾಖಲಿಸಿದರು. ವೆಲ್ಡಿಂಗ್ ಅಂಗಡಿಗಳಲ್ಲಿ ಉರಿಯುವುದು ಇದೇ ಅಸಿಟಲೀನ್. ಅದರ ಒಂದು ಅಣುವಿನಲ್ಲಿ ಎರಡು ಇಂಗಾಲ, ಎರಡು ಜಲಜನಕದ ಪರಮಾಣುಗಳಿವೆ.

ಅವರು ಕೊಟ್ಟ ವಿವರಣೆ ಹೀಗಿದೆ. ಅನಿಲದ ಅಣು ನಿಕ್ಕಲ್ ಕಣದ ಒಂದು ಮುಖಕ್ಕೆ ತಾಗಿ ಒಡೆಯುತ್ತದೆ. ಜಲಜನಕ ಹಾರಿಹೋಗುತ್ತದೆ. ಉಳಿದ ಇಂಗಾಲ, ನೀರಿನಲ್ಲಿ ಸಕ್ಕರೆ ಕರಗಿದಂತೆ, ಲೋಹದಲ್ಲಿ ಕರಗುತ್ತದೆ. ಅಣು ಒಡೆಯುವಾಗ ಶಾಖ ಹುಟ್ಟುವುದರಿಂದ ಆ ಮುಖ ಸ್ವಲ್ಪ ಹೆಚ್ಚು ಬಿಸಿ, ಹಿಂಬದಿ ಸ್ವಲ್ಪ ತಂಪು. ಕರಗಿದ ಇಂಗಾಲ ಕಣವನ್ನು ದಾಟಿ ಹಿಂಬದಿಗೆ ಬರುತ್ತದೆ. ಅಲ್ಲಿ, ಪಾಕ ಆರಿದಾಗ ಕಲ್ಲುಸಕ್ಕರೆ ಹರಳುಗಟ್ಟುವಂತೆ, ಗಟ್ಟಿಯಾಗಿ ಹೊರಬೀಳುತ್ತದೆ. ಹೊರಬಿದ್ದ ಇಂಗಾಲ ಕಣವನ್ನು ಮುಂದಕ್ಕೆ ತಳ್ಳುತ್ತದೆ. ಕಣ ಮುಂದೆ ಮುಂದೆ, ಎಳೆ ಹಿಂದೆ ಹಿಂದೆ. ಎಳೆ ಬೆಳೆಯುವ ವೇಗಕ್ಕೂ ನಿಕ್ಕಲ್‌ನೊಳಗೆ ಇಂಗಾಲ ಸಂಚರಿಸುವ ವೇಗಕ್ಕೂ ಹೊಂದಾಣಿಕೆ ಕಂಡುಬಂದದ್ದು ಈ ವಿವರಣೆಗೆ ಬಲ ಕೊಟ್ಟಿತು. ಇಂಗಾಲವು ಕಣದ ಒಳಗಿನಿಂದಲ್ಲದೆ ಅದರ ಮೈಮೇಲಿಂದಲೂ ಹರಿದು ಬರಬಹುದು, ಕಣ ತುದಿಯ ಬದಲು ಬುಡದಲ್ಲೇ ಉಳಿಯಲೂಬಹುದು ಎಂದು ಮುಂದೆ ತಿಳಿದುಬಂತು.

ತಾನು ಖರ್ಚಾಗದೆ ಕೆಲಸವನ್ನು ಚುರುಕುಗೊಳಿಸುವ ಇಂಥ ಪದಾರ್ಥಕ್ಕೆ ಕ್ರಿಯಾವರ್ಧಕ ಎಂದು ಹೆಸರು. ಕಡಲೆ ಎಣ್ಣೆಯನ್ನು ವನಸ್ಪತಿಯಾಗಿ ಗಟ್ಟಿಗೊಳಿಸುವಾಗಲೂ ಇದೇ ನಿಕ್ಕಲ್ ಪುಡಿಯನ್ನು ಬಳಸುತ್ತಾರೆ. ಆದರೆ ಕಣದ ಸುತ್ತ ಹೊರಬೀಳುವ ಇಂಗಾಲ ಎಲ್ಲ ಕಡೆಯೂ ಒಂದೇ ಸಮನಾಗಿದ್ದರೆ ಎಳೆ ನೇರವಾಗಿ ಬೆಳೆಯಬೇಕು. ಸುರುಳಿ ಬೀಳಬೇಕಾದರೆ ಎಲ್ಲೋ ಏನೋ ಸಮ ತಪ್ಪಿರಬೇಕು.

ಹಂತಿಯ ಎತ್ತುಗಳು

ಸಮ ತಪ್ಪುವುದೆಂದರೇನು ಎಂಬುದನ್ನು ತಿಳಿಯಲು ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ. ಜಮಖಂಡಿ, ಮುಧೋಳ, ಬೀಳಗಿ ಸೀಮೆಯ ಹಿರಿಯರು ಹಂತಿ ಕಟ್ಟಿದ್ದನ್ನು ಕಂಡಿರುತ್ತಾರೆ. ಒಕ್ಕಲು ಯಂತ್ರ ಬರುವ ಮೊದಲು, ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಸಾಲಾಗಿ ಕಟ್ಟಿ, ಜೋಳದ ತೆನೆಯ ಮೇಲೆ ಸುತ್ತು ಹೊಡೆಸುತ್ತಿದ್ದರು. ಮೇಟಿಯ ಬಳಿಯ ಎತ್ತು ನಿಂತಲ್ಲೇ ತಿರುಗಿದಂತೆ ನಡೆಯುತ್ತದೆ. ಹೊರಗಡೆಯ ಎತ್ತು ದೊಡ್ಡ ಹೆಜ್ಜೆ ಹಾಕಿ ಓಡಬೇಕು. ಸಾಲಿನ ಒಂದು ತುದಿ ನಿಧಾನ, ಇನ್ನೊಂದು ತುದಿ ಚುರುಕು; ಅದರಿಂದಲೇ ಸಾಲು ವೃತ್ತದಲ್ಲಿ ತಿರುಗುತ್ತದೆ. ಎಲ್ಲ ಎತ್ತುಗಳೂ ಒಂದೇ ವೇಗದಲ್ಲಿ ನಡೆದಿದ್ದರೆ ಸಾಲು ಕಣ ಬಿಟ್ಟು ನೇರ ಹೊಲಕ್ಕೆ ಹೋಗುತ್ತಿತ್ತು!

ಲೋಹದ ಕಣದಿಂದ ಹೊರಬೀಳುವ ಎಳೆಯೂ ಹೀಗೆಯೇ. ಕಣದ ಒಂದು ಬದಿಯಿಂದ ಇಂಗಾಲ ಬೇಗ ಹೊರಬಂದು, ಇನ್ನೊಂದು ಬದಿಯಿಂದ ನಿಧಾನವಾಗಿ ಬಂದರೆ, ಎಳೆಯ ಒಂದು ಪಕ್ಕ ಉದ್ದ, ಇನ್ನೊಂದು ಪಕ್ಕ ಗಿಡ್ಡ. ಆಗ ಎಳೆ ಗಿಡ್ಡ ಪಕ್ಕದ ಕಡೆಗೆ ಬಾಗಲೇಬೇಕು. ಯುಗಾದಿಯ ಮುಂಚೆ ಶ್ಯಾವಿಗೆ ಯಂತ್ರ ತಿರುಗಿಸಿದ ತಾಯಂದಿರಿಗೆ ಇದು ಗೊತ್ತು. ಒಂದು ತೂತಿನ ಅಂಚಿಗೆ ಹಿಂದಿನ ಹಿಟ್ಟು ಒಣಗಿ ಅಂಟಿಕೊಂಡಿದ್ದರೆ ಆ ತೂತಿನ ಎಳೆ ಮಾತ್ರ ಸೊಟ್ಟಗೆ ಸುತ್ತಿಕೊಂಡು ಇಳಿಯುತ್ತದೆ.

ಬಾಗಿದ ಎಳೆ ಬಳೆಯಾಗದೆ ಸುರುಳಿಯಾಗುವುದಕ್ಕೆ ಇನ್ನೊಂದು ಕಾರಣ ಬೇಕು. ನಿಧಾನದ ಬದಿ ಎಂದೂ ಒಂದೇ ಕಡೆ ಇದ್ದರೆ ಎಳೆ ಒಂದೇ ಮಟ್ಟದಲ್ಲಿ ಸುತ್ತಿ ಬಳೆಯಾಗುತ್ತದೆ. ಆ ಬದಿಯೇ ಎಳೆಯ ಸುತ್ತ ಮೆಲ್ಲಗೆ ಸರಿಯುತ್ತ ಹೋದರೆ, ಪ್ರತಿ ಸುತ್ತು ಹಿಂದಿನ ಸುತ್ತಿನಿಂದ ತುಸು ಮೇಲೇರುತ್ತದೆ. ಬಳೆಯ ಬದಲು ಸ್ಪ್ರಿಂಗ್ ಹುಟ್ಟುತ್ತದೆ.

ಗಂಧಕದ ಕೈವಾಡ

ಎಲ್ಲೋ ಒಂದೊಂದು ಸುರುಳಿ ಆಕಸ್ಮಿಕವಾಗಿ ಕಾಣುವುದು ಬೇರೆ, ಬೇಕೆಂದಾಗ ರಾಶಿ ರಾಶಿ ಬೆಳೆಸುವುದು ಬೇರೆ. ಈ ಎರಡನೆಯ ಹೆಜ್ಜೆಯನ್ನು ಇಟ್ಟವರು ಜಪಾನಿನ ಗಿಫು ವಿಶ್ವವಿದ್ಯಾಲಯದ ಸೈಜಿ ಮೋಟೊಜಿಮಾ ಮತ್ತು ಸಹೋದ್ಯೋಗಿಗಳು. 1990ರಲ್ಲಿ ಅವರು ಪ್ರಕಟಿಸಿದ ಚಿತ್ರಗಳಲ್ಲಿ ಗಡಿಯಾರದ ಸ್ಪ್ರಿಂಗಿನಷ್ಟು ಅಚ್ಚುಕಟ್ಟಾದ ಸುರುಳಿಗಳಿದ್ದವು. ಬಳಸಿದ್ದು ಹಾರ್‌ವೆಲ್‌ನವರು ಬಳಸಿದ್ದ ನಿಕ್ಕಲ್ ಮತ್ತು ಅಸಿಟಲೀನ್. ಅದಕ್ಕೆ ಹೊಸದಾಗಿ ಸೇರಿಸಿದ್ದು ಥಯೋಫೀನ್ ಎಂಬ ದ್ರವದ ಆವಿ, ಅದೂ ತೀರ ಅಲ್ಪ ಪ್ರಮಾಣದಲ್ಲಿ. ಥಯೋಫೀನಿನಲ್ಲಿ ಗಂಧಕವಿದೆ.

ರಸಾಯನ ಉದ್ಯಮದಲ್ಲಿ ಗಂಧಕ ಎಂದರೆ ನಿಕ್ಕಲ್‌ಗೆ ವಿಷ. ಅದು ಲೋಹದ ಮೈಗೆ ಅಂಟಿಕೊಂಡು ಕ್ರಿಯೆಯನ್ನು ಕೊಲ್ಲುತ್ತದೆ. ವನಸ್ಪತಿ ತಯಾರಿಸುವವರೂ ರಸಗೊಬ್ಬರ ತಯಾರಿಸುವವರೂ ಗಂಧಕವನ್ನು ಮೊದಲೇ ತೆಗೆದುಹಾಕಲು ಶ್ರಮ ಪಡುತ್ತಾರೆ. ಗಿಫುವಿನಲ್ಲಿ ಆ ವಿಷವೇ ಮದ್ದಾಯಿತು. ಹೆಚ್ಚಾದರೆ ಎಳೆಯೇ ಬೆಳೆಯುವುದಿಲ್ಲ. ಇಲ್ಲವೇ ಇಲ್ಲ ಎಂದರೆ ಸುರುಳಿ ಬೀಳುವುದಿಲ್ಲ. ನಿಕ್ಕಲ್ ಕಣ ಒಂದು ಹರಳು. ಅದಕ್ಕೆ ಬೇರೆ ಬೇರೆ ಮುಖಗಳಿವೆ, ಎಲ್ಲ ಮುಖಗಳೂ ಇಂಗಾಲವನ್ನು ಒಂದೇ ವೇಗದಲ್ಲಿ ಹೊರಹಾಕುವುದಿಲ್ಲ. ಚೂರು ಗಂಧಕ ಈ ಮುಖಗಳ ನಡುವಿನ ತಾರತಮ್ಯವನ್ನು ಎತ್ತಿ ನಿಲ್ಲಿಸುತ್ತದೆ ಎಂಬುದು ಅವರ ವಿವರಣೆಯ ಸಾರ. ಒಂದೇ ಕಣದಿಂದ ಎರಡು ಎಳೆ ಹೊರಟು, ಎರಡೂ ಜೊತೆಯಾಗಿ ಸುತ್ತಿಕೊಂಡ ಜೋಡಿ ಸುರುಳಿಗಳೂ ಅಲ್ಲಿ ಬೆಳೆದವು. ಇವುಗಳ ಸುತ್ತಿನ ಅಗಲ ಮಿಲಿಮೀಟರಿನ ಸಾವಿರದ ಕೆಲವು ಪಾಲು. ನ್ಯಾನೊ ಅಳತೆಗೆ ಹೋಲಿಸಿದರೆ ಇವು ದೊಡ್ಡಣ್ಣಂದಿರು. ಎಳೆದರೆ ತಮ್ಮ ಉದ್ದದ ಹಲವು ಪಟ್ಟು ಹಿಗ್ಗುತ್ತಿದ್ದವು.

ಮರುವರ್ಷ, 1991ರಲ್ಲಿ, ಜಪಾನಿನವರೇ ಆದ ಸುಮಿಯೊ ಈಜಿಮಾ ಅವರು ವಿದ್ಯುತ್ ಚಾಪದ ಮಸಿಯಲ್ಲಿ ಕಂಡ ಅತಿ ಸಪುರ ಇಂಗಾಲದ ನಳಿಕೆಗಳನ್ನು 'ನೇಚರ್'ನಲ್ಲಿ ವರ್ಣಿಸಿದರು. ಆಮೇಲೆ ಜಗತ್ತಿನ ಗಮನವೆಲ್ಲ ಈ ಕಡೆ ಹರಿಯಿತು. ನಳಿಕೆಯ ಗೋಡೆ ಜೇನುಗೂಡಿನಂತೆ ಆರು ಮೂಲೆಯ ಮನೆಗಳ ಜಾಲ. ಒಂದೊಂದು ಮೂಲೆಯಲ್ಲಿ ಒಂದೊಂದು ಇಂಗಾಲದ ಪರಮಾಣು. ಎಲ್ಲ ಮನೆಗಳೂ ಆರು ಮೂಲೆಯವೇ ಆಗಿದ್ದರೆ ನಳಿಕೆ ನೇರ. ನಡುವೆ ಐದು ಮೂಲೆಯ ಮನೆಯೊಂದು ಬಂದರೆ ಗೋಡೆ ಉಬ್ಬುತ್ತದೆ. ಏಳು ಮೂಲೆಯದು ಬಂದರೆ ಕುದುರೆಯ ಜೀನಿನಂತೆ ತಗ್ಗುತ್ತದೆ. ಹೊರಬಾಗಿನ ಕಡೆ ಐದರವು, ಒಳಬಾಗಿನ ಕಡೆ ಏಳರವು ಲೆಕ್ಕವಾಗಿ ಬರುತ್ತ ಹೋದರೆ ನಳಿಕೆ ಸುರುಳಿಯಾಗಬಲ್ಲದು ಎಂದು 1992–93ರಲ್ಲಿ ಅಮೆರಿಕದ ಡನ್‌ಲಪ್ ಮತ್ತು ಜಪಾನಿನ ಇಹಾರಾ, ಇಟೊ ಮೊದಲಾದವರು ಲೆಕ್ಕ ಹಾಕಿ ತೋರಿಸಿದರು.

ಆದರೆ ಕುಲುಮೆಯೊಳಗೆ ಕುಳಿತು ಐದು–ಏಳರ ಲೆಕ್ಕ ಇಡುವವರಾರು? 1994ರಲ್ಲಿ ಬೆಲ್ಜಿಯಂ ದೇಶದ ಸೆವೆರಿನ್ ಅಮೆಲಿಂಕ್ಸ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಇದಕ್ಕೆ ಉತ್ತರ ಕೊಟ್ಟರು. ಕೋಬಾಲ್ಟ್ ಕಣಗಳ ಮೇಲೆ ಬೆಳೆದ ಸುರುಳಿ ನಳಿಕೆಗಳನ್ನು ಅವರು ಪರೀಕ್ಷಿಸಿದ್ದರು. ಕಣದ ಅಂಚಿನ ಸುತ್ತ ಇಂಗಾಲ ಹೊರಬೀಳುವ ವೇಗ ಜಾಗದಿಂದ ಜಾಗಕ್ಕೆ ಬೇರೆ ಬೇರೆ. ಆ ವೇಗದ ವ್ಯತ್ಯಾಸವೇ ಎಳೆಯ ಬಾಗನ್ನೂ ಸುತ್ತನ್ನೂ ತೀರ್ಮಾನಿಸುತ್ತದೆ. ಬಾಗಿದ ಗೋಡೆಯನ್ನು ಮುಚ್ಚಲು ಐದು ಮತ್ತು ಏಳರ ಮನೆಗಳು ತಾವಾಗಿ ಬಂದು ಕೂರುತ್ತವೆ. ಹಂತಿಯ ಲೆಕ್ಕವೇ ಇಲ್ಲಿಯೂ ಗೆದ್ದಿತೆನ್ನಬೇಕು. 2000ದ ಸುಮಾರಿಗೆ ಜಪಾನಿನ ಒಸಾಕಾದಲ್ಲಿ ನಕಾಯಾಮಾ ಮತ್ತು ಸಹೋದ್ಯೋಗಿಗಳು ಕಬ್ಬಿಣದ ಜೊತೆಗೆ ತವರ ಮತ್ತು ಇಂಡಿಯಂ ಇರುವ ಕಣಗಳನ್ನು ಬಳಸಿ ನ್ಯಾನೊ ಅಳತೆಯ ಸುರುಳಿಗಳನ್ನು ಹೇರಳವಾಗಿ ಬೆಳೆಸಿದರು. ಅಲ್ಲಿಯೂ ಒಂದೇ ಲೋಹದ ಶುದ್ಧ ಕಣಕ್ಕಿಂತ ಬೆರಕೆ ಕಣವೇ ಮೇಲಾಯಿತು.

ಬೆಂಗಳೂರಿನ ಕವಲು

ಈ ಕಥೆಯಲ್ಲಿ ಕರ್ನಾಟಕದ ಪಾಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ಬಳಗ 1990ರ ದಶಕದಿಂದ ಇಂಗಾಲದ ನಳಿಕೆಗಳ ಮೇಲೆ ಕೆಲಸ ಮಾಡಿತು. ಬೆಂಗಳೂರಿನಲ್ಲೇ 1934ರಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದ ರಾವ್ ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾದದ್ದು ಓದುಗರಿಗೆ ನೆನಪಿದೆ.

ಕ್ರಿಯಾವರ್ಧಕದ ಕಣಗಳನ್ನು ಮೊದಲೇ ಮಾಡಿ ಕುಲುಮೆಯಲ್ಲಿ ಇಡುವುದು ತೊಡಕಿನ ಕೆಲಸ. ರಾಹುಲ್ ಸೇನ್, ಎ. ಗೋವಿಂದರಾಜ್ ಮತ್ತು ರಾವ್ 1997ರಲ್ಲಿ ಪ್ರಕಟಿಸಿದ ಉಪಾಯದಲ್ಲಿ ಈ ತೊಡಕಿಲ್ಲ. ಫೆರೊಸೀನ್ ಎಂಬ ಸಂಯುಕ್ತದ ಅಣುವಿನಲ್ಲಿ ಇಂಗಾಲದ ಎರಡು ಉಂಗುರಗಳ ನಡುವೆ ಕಬ್ಬಿಣದ ಒಂದು ಪರಮಾಣು ಕುಳಿತಿರುತ್ತದೆ. ಅದರ ಆವಿಯನ್ನು ಕಾದ ಕೊಳವೆಯಲ್ಲಿ ಹಾಯಿಸಿದರೆ ಅಣು ಒಡೆದು ಕಬ್ಬಿಣವನ್ನೂ ಕೊಡುತ್ತದೆ, ಇಂಗಾಲವನ್ನೂ ಕೊಡುತ್ತದೆ. ನೂಲುವವನೂ ಅರಳೆಯೂ ಒಂದೇ ಗಾಡಿಯಲ್ಲಿ ಬಂದಿಳಿದಂತೆ!

2000ದಲ್ಲಿ ಇದೇ ಬಳಗ ಇಂಗ್ಲಿಷಿನ ವೈ ಅಕ್ಷರದಂತೆ ಕವಲೊಡೆದ ನಳಿಕೆಗಳನ್ನು ಬೆಳೆಸಿ ತೋರಿಸಿತು. ಸತೀಶ್‌ಕುಮಾರ್, ಜಾನ್ ಥಾಮಸ್, ಗೋವಿಂದರಾಜ್ ಮತ್ತು ರಾವ್ ಅವರ ಆ ಪ್ರಯೋಗದಲ್ಲಿ ಫೆರೊಸೀನಿನ ಜಾಗಕ್ಕೆ ನಿಕ್ಕಲ್ ಇರುವ ನಿಕ್ಕಲೋಸೀನ್ ಬಂದಿತ್ತು. ಅದರ ಜೊತೆಗೆ ಬೆರೆಸಿದ್ದು ಮತ್ತೆ ಅದೇ ಥಯೋಫೀನ್. ಗಿಫುವಿನಲ್ಲಿ ಎಳೆಯನ್ನು ಸುತ್ತಿಸಿದ ನಿಕ್ಕಲ್ ಮತ್ತು ಗಂಧಕದ ಜೋಡಿಯೇ ಬೆಂಗಳೂರಿನಲ್ಲಿ ಎಳೆಯನ್ನು ಕವಲೊಡೆಸಿತು. ಮೂರು ದಿಕ್ಕಿಗೆ ಹೋಗುವ ಇಂಥ ನಳಿಕೆಗಳು ಅತಿಸಣ್ಣ ವಿದ್ಯುನ್ಮಾನ ಸಾಧನಗಳಿಗೆ ಉಪಯೋಗವಾಗಬಹುದೆಂದು ಆಗ ಬಹಳ ಚರ್ಚೆಯಾಯಿತು.

ಉಕ್ಕಿನ ಮಾತು

ಲೋಹ, ಇಂಗಾಲ, ಬೆರಕೆ ಎಂಬ ಮೂರು ಮಾತು ಒಟ್ಟಿಗೆ ಬಂದಾಗ ಕನ್ನಡಿಗರಿಗೆ ಇನ್ನೊಂದು ಸಂಗತಿ ನೆನಪಾಗುವುದು ಸಹಜ. ದಕ್ಷಿಣ ಭಾರತದ ಮೂಸೆಯ ಉಕ್ಕು ಒಂದು ಕಾಲದಲ್ಲಿ ಪಶ್ಚಿಮ ಏಷ್ಯಾಕ್ಕೆ ಹೋಗಿ, ಡಮಾಸ್ಕಸ್ ಖಡ್ಗಗಳೆಂದು ಹೆಸರಾಯಿತು. 1795ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಪಿಯರ್ಸನ್ ಈ ಉಕ್ಕಿನ ಬಗ್ಗೆ ಬರೆದಾಗ ಅದನ್ನು 'ವೂಟ್ಜ್' ಎಂದು ಕರೆದರು. ಇದು ಕನ್ನಡದ 'ಉಕ್ಕು' ಶಬ್ದದಿಂದಲೇ ಬಂದದ್ದೆಂಬ ಅಭಿಪ್ರಾಯ ಬಲವಾಗಿದೆ. 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಮೂಸೆಯಲ್ಲಿ ಉಕ್ಕು ಮಾಡುವುದನ್ನು ವಿವರಿಸಿದ್ದಾನೆ. ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ, ಮೇಲೆ ಹಸಿ ಎಲೆ ಇಟ್ಟು, ಮೂಸೆಯ ಬಾಯಿಗೆ ಮಣ್ಣು ಮೆತ್ತಿ ಕಾಯಿಸುತ್ತಿದ್ದರು. ಕಡ್ಡಿ ಮತ್ತು ಎಲೆ ಇಂಗಾಲ ಒದಗಿಸುತ್ತಿದ್ದವು.

2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ಮತ್ತು ಸಂಗಡಿಗರು 17ನೆಯ ಶತಮಾನದ ಒಂದು ಡಮಾಸ್ಕಸ್ ಖಡ್ಗದ ತುಣುಕನ್ನು ಆಮ್ಲದಲ್ಲಿ ಕರಗಿಸಿ ನೋಡಿದರು. ಉಳಿದ ಶೇಷದಲ್ಲಿ ಇಂಗಾಲದ ನ್ಯಾನೊನಳಿಕೆಗಳು ಕಂಡವೆಂದು 'ನೇಚರ್'ನಲ್ಲಿ ಪ್ರಕಟಿಸಿದರು. ಉಕ್ಕಿನಲ್ಲಿದ್ದ ಅಲ್ಪಸ್ವಲ್ಪ ಬೇರೆ ಲೋಹಗಳು ಕ್ರಿಯಾವರ್ಧಕಗಳಾಗಿ ಕೆಲಸ ಮಾಡಿರಬಹುದು ಎಂಬುದು ಅವರ ಊಹೆ. ಸುದ್ದಿ ಬಂದದ್ದೇ ತಡ, ನಮ್ಮ ಪೂರ್ವಜರಿಗೆ ನ್ಯಾನೊ ತಂತ್ರಜ್ಞಾನ ಗೊತ್ತಿತ್ತು ಎಂಬ ಭಾಷಣಗಳೂ ಕೇಳಿಬಂದವು.

ಇಲ್ಲಿ ಸ್ವಲ್ಪ ನಿಧಾನಿಸುವುದು ಒಳ್ಳೆಯದು. ಕಂಡದ್ದು ನಳಿಕೆಗಳು, ಸುರುಳಿಗಳಲ್ಲ. ಪರೀಕ್ಷಿಸಿದ್ದು ಒಂದು ಖಡ್ಗವನ್ನು. ಕಂಡದ್ದು ಕಬ್ಬಿಣ–ಇಂಗಾಲಗಳ ಗಟ್ಟಿ ಕಡ್ಡಿಗಳಿರಬಹುದು, ನಳಿಕೆ ಇಲ್ಲದಿರಲೂಬಹುದು ಎಂದು ಈ ಉಕ್ಕನ್ನು ದೀರ್ಘಕಾಲ ಅಭ್ಯಾಸ ಮಾಡಿದ ಅಮೆರಿಕದ ಜಾನ್ ವರ್‌ಹೋವೆನ್ ಎಚ್ಚರಿಸಿದ್ದುಂಟು. ಆ ಕಮ್ಮಾರರಿಗೆ ನಳಿಕೆ ಗೊತ್ತಿರಲಿಲ್ಲ, ಗೊತ್ತಿರಬೇಕಾದ ಅಗತ್ಯವೂ ಇರಲಿಲ್ಲ. ಯಾವ ಕಡ್ಡಿ, ಎಷ್ಟು ಕಾವು, ಎಷ್ಟು ಹೊತ್ತು ಎಂಬುದು ಅವರಿಗೆ ಗೊತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಕುಲುಮೆಗಳು ಆರಿಹೋದಾಗ ನಿಜವಾಗಿ ಕಳೆದುಹೋದದ್ದು ಕೈಯಿಂದ ಕೈಗೆ ಬಂದ ಈ ತಿಳಿವಳಿಕೆ. ಅವರಿಗೆ ಇಲ್ಲದ ವಿದ್ಯೆಯನ್ನು ಆರೋಪಿಸಿದರೆ, ಅವರಿಗೆ ಇದ್ದ ವಿದ್ಯೆಯನ್ನು ಗುರುತಿಸಲು ನಾವು ಮರೆಯುತ್ತೇವೆ.

ಇನ್ನೂ ಬಿಡಿಸದ ಸಿಕ್ಕು

ಇಷ್ಟೆಲ್ಲ ತಿಳಿದ ಮೇಲೂ ಸುರುಳಿ ಎಳೆ ಪೂರ್ತಿ ಹತೋಟಿಗೆ ಬಂದಿಲ್ಲ. ಗಿಫುವಿನ ಸುರುಳಿಗಳಲ್ಲಿ ಎಡಕ್ಕೆ ಸುತ್ತಿದವೂ ಬಲಕ್ಕೆ ಸುತ್ತಿದವೂ ಹೆಚ್ಚುಕಡಿಮೆ ಸಮ. ಒಂದೇ ಕುಲುಮೆಯಲ್ಲಿ, ಒಂದೇ ಅನಿಲದಲ್ಲಿ, ಅಕ್ಕಪಕ್ಕದ ಎರಡು ಕಣಗಳು ಎರಡು ಬಗೆಯ ಎಳೆಯನ್ನು ಬೆಳೆಸುತ್ತವೆ. ಪ್ರತಿ ಕಣದ ಗಾತ್ರ, ಆಕಾರ, ಮೈಮೇಲಿನ ಬೆರಕೆ ಒಂದೇ ಆಗಿರುವಂತೆ ನೋಡಿಕೊಳ್ಳುವುದು ಸುಲಭವಲ್ಲ. ಸುರುಳಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಗಟ್ಟಿಗೊಳಿಸಲು, ವಿದ್ಯುತ್ಕಾಂತೀಯ ಅಲೆಗಳನ್ನು ಹೀರಿಕೊಳ್ಳುವ ಲೇಪ ಮಾಡಲು, ಅತಿ ಸಣ್ಣ ಸ್ಪರ್ಶವನ್ನೂ ಗುರುತಿಸುವ ಸಾಧನಗಳನ್ನು ತಯಾರಿಸಲು ಪ್ರಯತ್ನಗಳು ನಡೆದಿವೆ. ಇವೆಲ್ಲಕ್ಕೂ ಒಂದೇ ಅಳತೆಯ ಎಳೆ ಬೇಕು. ನೂಲಿನ ಗಿರಣಿಯವನಿಗೂ ಒಂದೇ ಅಳತೆಯ ಎಳೆ ಬೇಕು. ಆದರೆ ಗಿರಣಿಯವನು ಸಮ ತಪ್ಪದಂತೆ ನೋಡಿಕೊಂಡರೆ ಸಾಕು. ಸುರುಳಿ ಬೆಳೆಸುವವನು ಪ್ರತಿ ಕಣದಲ್ಲೂ ಅಷ್ಟೇ ಪ್ರಮಾಣದಲ್ಲಿ ಸಮ ತಪ್ಪುವಂತೆ ನೋಡಿಕೊಳ್ಳಬೇಕು. ಕಷ್ಟವಿರುವುದು ಅಲ್ಲಿಯೇ.

ಇಟ್ಟಿಗೆಯ ಕಲೆ, ನಿಕ್ಕಲ್‌ಗೆ ತಾಗಿದ ಗಂಧಕ, ಕಬ್ಬಿಣಕ್ಕೆ ಬೆರೆತ ತವರ: ಮೂರನ್ನೂ ತೆಗೆದುಹಾಕಿದ್ದರೆ ಕುಲುಮೆಗಳು ಚೊಕ್ಕಟವಾಗಿರುತ್ತಿದ್ದವು, ಈ ಎಳೆಯ ಮರ್ಮ ಮಾತ್ರ ತಿಳಿಯುತ್ತಿರಲಿಲ್ಲ. ರಬಕವಿಯ ಮಗ್ಗದಲ್ಲಿ ಎಳೆ ತುಂಡಾದರೆ ನೇಕಾರ ಮಗ್ಗ ನಿಲ್ಲಿಸಿ ಮೊದಲು ಹುಡುಕುವುದು ಎಳೆಯ ತುದಿಯನ್ನು. ಇಂಗಾಲದ ಎಳೆ ಮೂಸೆಯಲ್ಲಿ ಕಂಡದ್ದು 1889ರಲ್ಲಿ. ಅದರ ತುದಿಯಲ್ಲಿ ಕುಳಿತಿದ್ದ ಲೋಹದ ಕಣವನ್ನು ಗುರುತಿಸಿ ಹೆಸರಿಟ್ಟದ್ದು 1953ರಲ್ಲಿ. ತುದಿ ಹುಡುಕಲು 64 ವರ್ಷ ಬೇಕಾದವು.